ಇಪ್ಪತ್ತನಾಲ್ಕು ಸೀರೆ ದೂರ

ಗಾಲ್ಫ್ ಮೈದಾನಕ್ಕೆ ಕಾಲಿಟ್ಟ ಮೊದಲ ದಿನವೇ ದೊಡ್ಡವೆಂಕಟಪ್ಪ ಹೌಹಾರಿಬಿಟ್ಟ. ಹೌಹಾರದೆ ಇನ್ನೇನು ಮಾಡ್ತಾನೆ, ನೀವೇ ಹೇಳಿ. ದೊಡ್ಡಬಳ್ಳಾಪುರದ ಕರೇನಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಪವರ್‌ಲೂಮ್ ಮುಂದೆ ನಿಂತು ಸೀರೆ ನೇಯ್ದ ಮನುಷ್ಯ ಅವನು. ನೆಲ ಅಂದರೆ ಒಂದೋ ರಾಗಿ ಬೆಳೆಯೋದಕ್ಕೆ, ಇಲ್ಲ ಮನೆ ಕಟ್ಟೋದಕ್ಕೆ ಅಂತ ತಿಳಿದಿದ್ದವನು. ಇಲ್ಲಿ ನೋಡಿದರೆ ತೂಬಗೆರೆ ರಸ್ತೆ ಪಕ್ಕದಲ್ಲಿ ಕಣ್ಣು ಹಾಯುವಷ್ಟು ದೂರ ಬರೀ ಹುಲ್ಲು! ಅದನ್ನು ದನ ಮೇಯುವ ಹಾಗಿಲ್ಲ, ಕೊಯ್ದು ಮಾರುವ ಹಾಗಿಲ್ಲ. ದಿನಾ ನೀರು ಬಿಡೋದು, ದಿನಾ ಕತ್ತರಿಸೋದು, ಕತ್ತರಿಸಿದ್ದನ್ನು ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿಯೋದು.

"ಅಯ್ಯೋ ಪರಮಾತ್ಮಾ! ನಾಕು ಎಮ್ಮೆ ಕಟ್ಟಿದ್ರೆ ಒಂದು ಡೈರಿನೇ ನಡೀತಿತ್ತಲ್ಲೋ ಇಲ್ಲಿ" ಅಂದ.

"ಮೆಲ್ಲಗೆ ಮಾತಾಡು ಗುರು. ಇಲ್ಲಿ ಕೂಗೋ ಹಂಗಿಲ್ಲ" ಅಂದ ಚಲಪತಿ.

ಚಲಪತಿ ಅಂದರೆ ಪಕ್ಕದ ಹಳ್ಳಿಯ ಒಕ್ಕಲುಮಗ, ವಯಸ್ಸು ನಲವತ್ತರ ಹತ್ತಿರ. ಆಟಗಾರರ ಕೋಲಿನ ಚೀಲ ಹೊರುವ ಕ್ಯಾಡಿ ಕೆಲಸಕ್ಕೆ ದೊಡ್ಡವೆಂಕಟಪ್ಪನಿಗಿಂತ ಆರು ತಿಂಗಳು ಮೊದಲು ಸೇರಿದವನು. ಮೆತ್ತನೆ ಆಸಾಮಿ, ಬೈದರೂ ನಗುತ್ತಿದ್ದ, ಹೊಗಳಿದರೂ ನಗುತ್ತಿದ್ದ. ಹೊಸಬನಿಗೆ ಕೆಲಸ ಹೇಳಿಕೊಡು ಅಂತ ಅವನಿಗೇ ಒಪ್ಪಿಸಿದ್ದರು.

ಇದು ತೊಂಬತ್ತನಾಲ್ಕನೇ ಇಸವಿ ಮಾತು. ಮಗ್ಗ ಬಿಟ್ಟು ಚೀಲ ಹೊರೋಕೆ ಬರುವಂಥ ದರ್ದು ಏನಿತ್ತು ಅಂತೀರಾ? ಕಿವಿ. ಪವರ್‌ಲೂಮ್ ಶೆಡ್ಡಿನ ಸದ್ದು ಅವನ ಎಡಗಿವಿಯನ್ನು ಪೂರಾ ತಿಂದು ಬಲಗಿವಿಗೆ ಬಾಯಿ ಹಾಕಿತ್ತು. ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು: ಇನ್ನು ಮಗ್ಗದ ಮುಂದೆ ನಿಂತರೆ ಮೂರು ನಾಲ್ಕು ವರ್ಷದಲ್ಲಿ ಅದೂ ಹೋಗುತ್ತೆ. ಮನೆಗೆ ಬಂದು ಅವನು ಹೆಂಡತಿ ಅಂಜನಮ್ಮನ ಮುಖ ನೋಡಿದ. ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಗಸಿನ ದನಿ ಇನ್ನು ಕೇಳಿಸೋದೇ ಇಲ್ಲವಲ್ಲ ಅನ್ನಿಸಿತು. ಮಾರನೇ ದಿನವೇ ಮಗ್ಗ ಬಿಟ್ಟ.

ಚಲಪತಿ ಆಟ ವಿವರಿಸಿದ. "ನೋಡು, ಇಲ್ಲಿಂದ ಚೆಂಡು ಹೊಡೀತಾರೆ. ಅಗೋ ಅಲ್ಲಿ ಬಾವುಟ ಕಾಣ್ತೈತಲ್ಲ, ಅದರ ಬುಡದಾಗೆ ಒಂದು ತೂತು. ಕಮ್ಮಿ ಏಟಿನಾಗೆ ತೂತಿಗೆ ಹಾಕಿದೋನು ಗೆದ್ದ. ಇಂಥವು ಒಂಬತ್ತು ಬಾವುಟ."

"ಮತ್ತೆ ಈ ಬಣ್ಣದ ಕಲ್ಲು?"

ಪ್ರತಿ ಬಾವುಟಕ್ಕೂ ಹೊಡೆಯಲು ನಿಲ್ಲುವ ಜಾಗದಲ್ಲಿ ಮೂರು ಬಣ್ಣದ ಸಿಮೆಂಟ್ ಕಲ್ಲುಗಳಿದ್ದವು, ಒಂದರ ಮುಂದೆ ಒಂದು. ಎಲ್ಲಕ್ಕಿಂತ ಹಿಂದೆ ನೀಲಿ, ನಡುವೆ ಬಿಳಿ, ಮುಂದೆ ಕೆಂಪು. ತೋಳಿನಲ್ಲಿ ದಮ್ ಇದ್ದವನು ನೀಲಿಯಿಂದ ಹೊಡೆಯಬೇಕು, ಸಾಧಾರಣದವನು ಬಿಳಿಯಿಂದ, ಏಟು ದೂರ ಹೋಗದವನು ಕೆಂಪಿನಿಂದ. ಯಾವ ಕಲ್ಲು ಅಂತ ಆರಿಸಿಕೊಳ್ಳುವವನು ಆಟಗಾರನೇ. ಹೆಂಗಸರು ಕೆಂಪಿನಿಂದ ಆಡುತ್ತಿದ್ದರಿಂದ ಕ್ಯಾಡಿಗಳ ಬಾಯಲ್ಲಿ ಅದು ಹೆಂಗಸರ ಕಲ್ಲು.

ಎರಡು ತಿಂಗಳು ಚೀಲ ಹೊತ್ತ ಮೇಲೆ ದೊಡ್ಡವೆಂಕಟಪ್ಪನಿಗೆ ಇನ್ನೊಂದು ಆಘಾತವಾಯಿತು. ಇದು ಹುಲ್ಲಿನದಕ್ಕಿಂತ ದೊಡ್ಡದು. ಬೆಂಗಳೂರಿಂದ ಕಾರಲ್ಲಿ ಬರೋ ಈ ಗಂಡಸರಲ್ಲಿ ಒಬ್ಬನಾದರೂ ತನ್ನ ಕಲ್ಲಿನ ಮೇಲೆ ನಿಲ್ಲುತ್ತಿರಲಿಲ್ಲ! ಫ್ಯಾಕ್ಟರಿ ನಡೆಸ್ತಾರೆ, ಕೋರ್ಟಲ್ಲಿ ವಾದ ಮಾಡ್ತಾರೆ, ಹೊಟ್ಟೆ ಕುಯ್ದು ಹೊಲೀತಾರೆ, ತಮ್ಮ ತೋಳಿನ ಬಲ ತಮಗೆ ಗೊತ್ತಿಲ್ಲ. ಕಾರಿಂದ ಇಳಿದವರು ನೆಟ್ಟಗೆ ನೀಲಿ ಕಲ್ಲಿಗೆ ಹೋಗೋದು, ಬೀಸೋದು, ಚೆಂಡು ನೀರಿಗೆ ಬೀಳೋದು, ಕ್ಯಾಡಿಗೆ ಬೈಯೋದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಈ ಜನಕ್ಕೆ ಯಾರೂ ಹೇಳಿಕೊಟ್ಟಿಲ್ಲವಾ ಅಂತ ಅವನಿಗೆ ದಿಗಿಲು.

ಅವನಿಗೆ ಹೇಗೆ ತಿಳಿಯುತ್ತಿತ್ತು ಅಂದರೆ, ಅವನು ದೂರವನ್ನು ಸೀರೆಯಲ್ಲಿ ಅಳೆಯುತ್ತಿದ್ದ. ನಗಬೇಡಿ. ಒಂದು ಸೀರೆ ಅಂದರೆ ಆರು ಗಜ. ಇಪ್ಪತ್ತೆರಡು ವರ್ಷ ದಿನಾ ಕಣ್ಣ ಮುಂದೆ ಆರಾರು ಗಜ ಬಿಚ್ಚಿ ಸುತ್ತಿದವನಿಗೆ ನೆಲದ ಮೇಲೂ ಅದೇ ಕಾಣುತ್ತೆ. ಐದನೇ ಬಾವುಟದ ಮುಂದೆ ಒಂದು ಕುಂಟೆಯಿತ್ತು, ಅಂದರೆ ನೀರು ನಿಂತ ಹೊಂಡ. ಅದನ್ನು ದಾಟಲು ನೀಲಿ ಕಲ್ಲಿನಿಂದ ಮೂವತ್ತೊಂದು ಸೀರೆ ದೂರ, ಬಿಳಿಯಿಂದ ಇಪ್ಪತ್ತಾರು, ಕೆಂಪಿನಿಂದ ಇಪ್ಪತ್ತೊಂದು. ಒಬ್ಬ ಆಟಗಾರನ ಹತ್ತು ಏಟು ನೋಡಿದರೆ ಸಾಕು, ಇವನದು ಇಷ್ಟು ಸೀರೆ ಅಂತ ಅವನು ಹೇಳುತ್ತಿದ್ದ. ಒಂದು ಸೀರೆ ಕೂಡ ಆಚೀಚೆ ಆಗುತ್ತಿರಲಿಲ್ಲ.

ಹೇಳಬಾರದಾಗಿತ್ತು ಅನ್ನೋದು ಬೇರೆ ಮಾತು. ಕೇಳದೆ ಕ್ಯಾಡಿ ಬಾಯಿ ಬಿಡಬಾರದು ಅನ್ನೋದು ಅಲ್ಲಿನ ಮೊದಲ ಕಾನೂನು. ಒಂದು ಭಾನುವಾರ ಚಿನ್ನಸ್ವಾಮಿ ಅನ್ನುವ ಗಿರಣಿ ಮಾಲೀಕರು ಅದೇ ಐದನೇ ಬಾವುಟದಲ್ಲಿ ನೀಲಿ ಕಲ್ಲಿಂದ ಹೊಡೆದು ಒಂದರ ಹಿಂದೆ ಒಂದು ನಾಲ್ಕು ಚೆಂಡನ್ನು ನೀರಿಗೆ ಹಾಕಿದರು. ಐದನೆಯದಕ್ಕೆ ಕೈ ಚಾಚಿದಾಗ ದೊಡ್ಡವೆಂಕಟಪ್ಪನಿಗೆ ತಡೆಯಲಾಗಲಿಲ್ಲ.

"ಸಾರ್, ನಿಮ್ಮ ಏಟು ಇಪ್ಪತ್ತೆಂಟು ಸೀರೆ. ಇಲ್ಲಿಂದ ಮೂವತ್ತೊಂದು ಬೇಕು. ನಾಕಲ್ಲ, ನಲವತ್ತು ಹೊಡೆದ್ರೂ ನೀರಿಗೇ. ನಿಮ್ಮ ಕಲ್ಲು ಬಿಳೀದು ಸಾರ್."

ಗರ ಬಡಿದ ಹಾಗೆ ಎಲ್ಲರೂ ನಿಂತುಬಿಟ್ಟರು. ಜೊತೆಗಿದ್ದ ಮೂವರು ಆಟಗಾರರು ಆಕಾಶ ನೋಡಿದರು. ಚಲಪತಿ ಚೀಲದ ಹಿಂದೆ ಸರಿದ. ಚಿನ್ನಸ್ವಾಮಿ ಮುಖ ಕೆಂಪಗೆ ಮಾಡಿಕೊಂಡು ಕೋಲನ್ನು ಬಿಸಾಕಿ, ಆಟ ಅರ್ಧಕ್ಕೆ ಬಿಟ್ಟು ಕಾರು ಹತ್ತಿ ಹೋದರು.

"ನಿನ್ ಕೆಲಸ ಹೋಯ್ತು ಗುರು. ನಿನ್ ಜೊತೆ ನಂದೂ ಹೋಯ್ತು" ಅಂದ ಚಲಪತಿ.

ಹೋಗಲಿಲ್ಲ. ಮುಂದಿನ ಭಾನುವಾರ ಚಿನ್ನಸ್ವಾಮಿ ಯಾರ ಮುಖವನ್ನೂ ನೋಡದೆ ಬಿಳಿ ಕಲ್ಲಿಗೆ ಹೋಗಿ ನಿಂತರು. ಚೆಂಡು ಕುಂಟೆ ದಾಟಿ ಆಚೆ ಹುಲ್ಲಿನ ಮೇಲೆ ಕೂತಿತು. ಆ ಮನುಷ್ಯ ಮೂರು ವರ್ಷದಲ್ಲಿ ಮೊದಲ ಸಲ ನಕ್ಕಿದ್ದು ಅವತ್ತು. ಆಮೇಲೆ ಏನು ಕೇಳ್ತೀರಿ, ಒಬ್ಬೊಬ್ಬರಾಗಿ ಬಂದು, ಪಕ್ಕದವರಿಗೆ ಕೇಳಿಸದ ಹಾಗೆ, "ಏನಪ್ಪಾ, ನಂದು ಎಷ್ಟು ಸೀರೆ?" ಅಂತ ವಿಚಾರಿಸೋಕೆ ಶುರು ಮಾಡಿದರು. ಕ್ಯಾಡಿಗಳು ಅವನಿಗೆ ಸೀರೆ ಗುರು ಅಂತ ಹೆಸರಿಟ್ಟರು.

ಸೋಮವಾರ ಮೈದಾನಕ್ಕೆ ರಜ. ಅವತ್ತು ಕ್ಯಾಡಿಗಳು ಹಳೇ ಕೋಲು ಹಿಡಿದು ಆಡಿಕೊಳ್ಳುತ್ತಿದ್ದರು. ಅಂಥ ಒಂದು ಸೋಮವಾರ ದೊಡ್ಡವೆಂಕಟಪ್ಪ ಚಲಪತಿಗೂ ಹೇಳಿದ: "ನಿಂದು ಕೆಂಪು ಕಲ್ಲು ಕಣೋ. ನೀನು ನೆಟ್ಟಗೆ ಹೊಡೀತೀಯ, ದೂರ ಹೊಡೆಯಾಕಿಲ್ಲ. ಇಪ್ಪತ್ತೆರಡು ಸೀರೆ, ಅಷ್ಟೇ."

"ಹೆಂಗಸರ ಕಲ್ಲಾ?" ಅಂದ ಚಲಪತಿ, ನಗುತ್ತಲೇ.

"ಅದು ಸಿಮೆಂಟು ಕಣಲಾ. ಅದಕ್ಕೇನು ಬಳೆ ತೊಡಿಸಿದ್ದಾರಾ?"

ಎಷ್ಟು ಸಲೀಸಾಗಿ ಹೇಳಿದ ನೋಡಿ! ಇನ್ನೊಬ್ಬನಿಗೆ ಹೇಳುವಾಗ ಎಲ್ಲರ ನಾಲಿಗೆಯೂ ಸಲೀಸೇ.

ಹೀಗೆ ಮೂರು ವರ್ಷ ಕಳೆಯಿತು. ತೊಂಬತ್ತೇಳರ ಹೊತ್ತಿಗೆ ದೊಡ್ಡವೆಂಕಟಪ್ಪನ ಎಡಮಂಡಿ ಊದತೊಡಗಿತು. ಚೀಲದ ಭಾರ ಹೆಗಲಿಗೆ ಬಿದ್ದರೆ ಆರನೇ ಬಾವುಟದ ಹೊತ್ತಿಗೆ ಕಾಲು ಎಳೆಯುತ್ತಿದ್ದ. ಇನ್ನು ಆರು ತಿಂಗಳು ದೂಡಬಹುದು, ಆಮೇಲೆ ಆಗಲ್ಲ ಅಂತ ಅವನಿಗೇ ಗೊತ್ತಿತ್ತು. ಆಮೇಲೆ ಏನು? ಮತ್ತೆ ಮಗ್ಗ. ಬೇರೆ ಕೆಲಸ ಕಲಿತವನಲ್ಲ. ಮಗ್ಗಕ್ಕೆ ಹೋದರೆ ಉಳಿದಿರೋ ಒಂದು ಕಿವಿಯೂ ಹೋಯ್ತು.

ಅದೇ ಹೊತ್ತಿಗೆ ಕುರ್ಚಿ ಖಾಲಿಯಾಯಿತು. ಮೊದಲ ಬಾವುಟಕ್ಕೆ ಹೊಡೆಯುವ ಜಾಗದ ಪಕ್ಕ ಹೆಂಚಿನ ಮಾಡಿನ ಕೆಳಗೆ ಒಂದು ಕುರ್ಚಿಯಿತ್ತು. ಅದರಲ್ಲಿ ಕೂತವನು ಆಟಗಾರರನ್ನು ಸರದಿ ಪ್ರಕಾರ ಬಿಡಬೇಕು, ಹೊಸಬರಿಗೆ ನಿಮ್ಮ ಆಟಕ್ಕೆ ಈ ಕಲ್ಲು ಸರಿ ಅಂತ ಹೇಳಬೇಕು. ಸ್ಟಾರ್ಟರ್ ಅಂತ ಹುದ್ದೆ. ಕಾಯಂ ಕೆಲಸ, ನೆರಳಿನ ಕೆಲಸ, ಕೂತು ಮಾಡುವ ಕೆಲಸ. ಅಲ್ಲಿದ್ದ ಮುದುಕ ಬಿಟ್ಟು ಮಗಳ ಊರಿಗೆ ಹೋದ. ಹನ್ನೆರಡು ಜನ ಕ್ಯಾಡಿಗಳ ಕಣ್ಣೂ ಆ ಕುರ್ಚಿಯ ಮೇಲೆ ಬಿತ್ತು.

ಮೈದಾನದ ಸೆಕ್ರೆಟರಿ ಮಿಲಿಟರಿಯಿಂದ ನಿವೃತ್ತರಾದ ಕೊಡಗಿನವರು. ಕಮ್ಮಿ ಮಾತಿನ ಮನುಷ್ಯ. ಎಲ್ಲರನ್ನೂ ಕರೆದು ಹೇಳಿದರು: "ಮುಂದಿನ ಸೋಮವಾರ ನೀವೆಲ್ಲ ಒಂಬತ್ತು ಬಾವುಟ ಆಡಬೇಕು. ಆಟಕ್ಕೆ ಮುಂಚೆ ಯಾವ ಕಲ್ಲು ಅಂತ ಪ್ರತಿಯೊಬ್ಬನೂ ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಬದಲಾಯಿಸೋ ಹಾಗಿಲ್ಲ. ನೀಲಿಯವನಿಗೆ ಕೊನೆಗೆ ಆರು ಏಟು ಮಾಫಿ, ಬಿಳಿಯವನಿಗೆ ಮೂರು, ಕೆಂಪಿನವನಿಗೆ ಇಲ್ಲ. ಈ ಕುರ್ಚಿಯಲ್ಲಿ ಕೂರೋನಿಗೆ ಬೇಕಾಗಿರೋದು ತೋಳಿನ ಬಲ ಅಲ್ಲ. ಯಾರಿಗೆ ಯಾವ ಕಲ್ಲು ಅಂತ ತಿಳಿದಿರಬೇಕು. ಅದನ್ನ ನಾನು ನೋಡಬೇಕು."

ಅಷ್ಟು ಕೇಳಿದ್ದೇ ದೊಡ್ಡವೆಂಕಟಪ್ಪನಿಗೆ ಹಾಲು ಕುಡಿದಷ್ಟು ಸಂತೋಷ. ಯಾರಿಗೆ ಯಾವ ಕಲ್ಲು ಅಂತ ಈ ಮೈದಾನದಲ್ಲಿ ತನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ! ಬಾಕಿ ಇದ್ದದ್ದು ಒಬ್ಬನ ಅಳತೆ ಮಾತ್ರ. ಅವನದೇ.

ಅವನ ಅಂದಾಜಿನ ಪ್ರಕಾರ ಅವನ ಏಟು ಇಪ್ಪತ್ತೆಂಟು ಸೀರೆ. ಬಿಳಿ ಕಲ್ಲಿಗೆ ಧಾರಾಳವಾಯಿತು. ಆದರೆ ಅವನ ಅಪ್ಪನ ಮನೆಯಲ್ಲಿ, ಅಜ್ಜನ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ನೇಯ್ದವನು ಅಳೆಯಬಾರದು. ತಾನು ನೇಯ್ದ ಸೀರೆಯನ್ನು ತಾನೇ ಗಜದ ಕೋಲಿಗೆ ಹಿಡಿದರೆ ಎಂಥ ಸತ್ಯವಂತನ ಕೈಯೂ ಬಟ್ಟೆಯನ್ನು ಒಂಚೂರು ಎಳೆಯುತ್ತೆ. ಎಳೀಬೇಕು ಅಂತಲ್ಲ, ಎಳೆದುಬಿಡುತ್ತೆ. ಅದಕ್ಕೇ ಮಡಿಕೆ ಬಿಚ್ಚಿ ಅಳೆಯೋದು ಯಾವಾಗಲೂ ಇನ್ನೊಬ್ಬರು. ಅವನ ಮನೆಯಲ್ಲಿ ಆ ಇನ್ನೊಬ್ಬರು ಅಂದರೆ ಅಂಜನಮ್ಮ. ಶೆಡ್ಡಿನ ಯಜಮಾನರು ಕೂಡ ಅವಳು ಅಳೆದ ಸೀರೆಯನ್ನು ಮತ್ತೆ ಅಳೆಸುತ್ತಿರಲಿಲ್ಲ.

ಹಾಗಾಗಿ ಅವನು ಒಂದು ಹಳೇ ಕೋಲು, ಹತ್ತು ಚೆಂಡು ಇಸಕೊಂಡು ಬಂದ. ಬೆಳಗ್ಗೆ ಬೆಳಗ್ಗೆ ಹೆಂಡತಿಯನ್ನು ಕರೆದುಕೊಂಡು ಒಣಗಿದ ಕೆರೆಯಂಗಳಕ್ಕೆ ಹೋದ. ಅಂಜನಮ್ಮ ಒಂದು ಸೀರೆಯುದ್ದದ ಹಗ್ಗ, ಎರಡು ಗೂಟ ತಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೊಡೀರಿ ನೋಡಾಣ" ಅಂದಳು. ಅವನು ಹೊಡೆದ. ಅವಳು ಒಂದೊಂದು ಚೆಂಡಿಗೂ ಹಗ್ಗ ಹಾಕಿಕೊಂಡು ನಡೆದು, ಬೆರಳು ಮಡಿಸಿ ಎಣಿಸಿ, ವಾಪಸ್ ಬಂದಳು. ಒಂದು ಚೆಂಡು ಮಾತ್ರ ಕೋಲಿನ ನಟ್ಟನಡುವೆ ಸಿಕ್ಕಿ ಹಕ್ಕಿಯ ಹಾಗೆ ಹೋಯಿತು.

"ನೋಡಿದ್ಯಾ!" ಅಂದ ದೊಡ್ಡವೆಂಕಟಪ್ಪ.

"ನೋಡ್ದೆ. ಅದು ಇಪ್ಪತ್ತೆಂಟು."

"ಮತ್ತೆ ನಾನೇನು ಹೇಳಿದ್ದೆ!"

"ಮಿಕ್ಕಿದ ಒಂಬತ್ತು ಕೇಳಿ ಮೊದಲು" ಅಂದಳು. "ಇಪ್ಪತ್ಮೂರು, ಇಪ್ಪತ್ನಾಕು, ಇಪ್ಪತ್ನಾಕು, ಇಪ್ಪತ್ತೈದು, ಮತ್ತೆ ಇಪ್ಪತ್ಮೂರು. ಎಲ್ಲಾ ಅಲ್ಲೇ ಸುತ್ತಾಡ್ತಾವೆ. ನಿಮ್ಮದು ಇಪ್ಪತ್ನಾಕು ಸೀರೆ ಕಣ್ರೀ. ಆ ಕುಂಟೆಗೆ ಬಿಳಿಯಿಂದ ಎಷ್ಟು ಅಂದ್ರಿ, ಇಪ್ಪತ್ತಾರಲ್ವಾ? ಕೆಂಪಿಂದ ಹೊಡೀರಿ."

ದೊಡ್ಡವೆಂಕಟಪ್ಪ ನಿಂತಲ್ಲೇ ಕಲ್ಲಾಗಿಬಿಟ್ಟ. ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಆಗುತ್ತಿರಲಿಲ್ಲ. ಇಪ್ಪತ್ತನಾಲ್ಕು! ಊರಿಗೆಲ್ಲ ಅಳತೆ ಹೇಳಿದವನು ನಾಲ್ಕು ಸೀರೆ ತಪ್ಪಿದನಾ? ಅದೂ ತನ್ನದೇ ತೋಳಿನ ವಿಷಯದಲ್ಲಿ?

"ಆ ಇಪ್ಪತ್ತೆಂಟು ಲೆಕ್ಕಕ್ಕೆ ಬರಲ್ವಾ?" ಅಂದ. ದನಿ ಸಣ್ಣಗಾಗಿತ್ತು.

"ಒಂದು ಸೀರೆ ಚೆನ್ನಾಗಿ ಬಂತು ಅಂತ ಅದೇ ಹಾಸಿನ ಮಿಕ್ಕ ಸೀರೆ ಎಲ್ಲಾ ಹಂಗೇ ಬರ್ತಾವಾ? ನಿಮಗೆ ಗೊತ್ತಿಲ್ಲದ್ದಾ?"

"ಹನ್ನೆರಡು ಜನದ ಮುಂದೆ ಹೆಂಗಸರ ಕಲ್ಲಿನ ಮೇಲೆ ನಿಲ್ಲು ಅಂತೀಯಾ ನನ್ನ?"

ಅಂಜನಮ್ಮನಿಗೆ ರೇಗಿತು. "ನಾನು ನಲವತ್ತು ವರ್ಷದಿಂದ ಹೆಂಗಸೇ ಆಗಿದ್ದೀನಿ, ನನಗೇನು ಆಗಿದೆ? ನಿಂತ್ಕೊಂಡ್ರೆ ಕಾಲು ಸುಡ್ತದಾ? ನಿಮಗೆ ಕುರ್ಚಿ ಬೇಕೋ, ಮೀಸೆ ಬೇಕೋ, ಅದನ್ನ ಹೇಳಿ. ನಾಳೆ ಶೆಡ್ಡಿಗೆ ಹೋಗಿ ಆ ಕಿವಿನೂ ಕಳ್ಕೊಂಡು ಬಂದ್ರೆ ನಾನು ಯಾರ ಜೊತೆ ಮಾತಾಡಲಿ? ಗೋಡೆ ಜೊತೆನಾ?"

ಅವಳ ಕಣ್ಣಲ್ಲಿ ನೀರು ಬಂದಿದ್ದು ನೋಡಿ ದೊಡ್ಡವೆಂಕಟಪ್ಪ ತಲೆ ತಗ್ಗಿಸಿದ. "ಆಯ್ತು ಮಾರಾಯ್ತಿ, ಕೆಂಪು. ಕೆಂಪು ಅಂದ್ನಲ್ಲ" ಅಂದ. ಆ ಮಾತು ಅವನು ಸುಳ್ಳು ಹೇಳಿದ್ದಲ್ಲ. ನಿಜವಾಗಿ ಕೆಂಪಿಗೇ ಮನಸ್ಸು ಮಾಡಿದ್ದ. ಸೋಮವಾರ ಬೆಳಗ್ಗೆ ಸೈಕಲ್ ತುಳಿಯುವಾಗ ದಾರಿಯುದ್ದಕ್ಕೂ "ಕೆಂಪು ಸಾರ್, ಕೆಂಪು ಸಾರ್" ಅಂತ ಬಾಯಲ್ಲಿ ಹೇಳಿಕೊಂಡೇ ಹೋದ.

ಮೈದಾನದಲ್ಲಿ ಹನ್ನೆರಡು ಜನರೂ ಸಾಲಾಗಿ ನಿಂತಿದ್ದರು. ಸೆಕ್ರೆಟರಿ ಸಾಹೇಬರು ಕೈಯಲ್ಲಿ ಕಾಗದ ಹಿಡಿದು ಒಬ್ಬೊಬ್ಬನ ಹೆಸರು ಕೂಗಿದರು. ಕೊಂಡಪ್ಪ ಅನ್ನೋನು ಎದೆಯುಬ್ಬಿಸಿ ನೀಲಿ ಅಂದ. ಅವನ ಹಿಂದಿನವನೂ ನೀಲಿ. ಆಮೇಲಿನ ಆರೂ ಜನ ಬಿಳಿ. ಚಲಪತಿಯ ಹೆಸರು ಬಂತು.

"ಕೆಂಪು ಸಾರ್" ಅಂದ ಚಲಪತಿ. ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳಿದಾಗ ಹೇಳುವಷ್ಟೇ ಸಹಜವಾಗಿ ಹೇಳಿದ.

ಮುಂದಿನ ಹೆಸರು ದೊಡ್ಡವೆಂಕಟಪ್ಪನದು. ಕೊಂಡಪ್ಪ ಪಕ್ಕದವನಿಗೆ, "ಸೀರೆ ಗುರು ನೋಡ್ತಿರು, ನೀಲಿಯಿಂದ್ಲೇ ಬಾರಿಸ್ತಾನೆ" ಅಂದದ್ದು ಬಲಗಿವಿಗೆ ಬಿತ್ತು. ಹನ್ನೊಂದು ಜನರ ಕಣ್ಣು ಅವನ ಮೇಲೆ. ಅವನು ಬಾಯಿ ತೆರೆದ.

"ಬಿಳಿ ಸಾರ್."

ಅಯ್ಯಯ್ಯೋ! ಆ ಮಾತು ಹೊರಗೆ ಬಿದ್ದದ್ದು ಕೇಳಿ ಅವನೇ ಬೆಚ್ಚಿಬಿದ್ದ. ಯಾರು ಹೇಳಿದ್ದು ಇದು? ನಾನಾ? ಸಾಹೇಬರು ಪೆನ್ನು ಎತ್ತಿಕೊಂಡು ಅವನ ಮುಖವನ್ನೇ ನೋಡಿದರು. "ಬಿಳಿ? ಖಂಡಿತನಾ?" ಅಂತ ಇನ್ನೊಂದು ಸಲ ಕೇಳಿದರು. ಅಷ್ಟು ಜನರಲ್ಲಿ ಬೇರೆ ಯಾರನ್ನೂ ಅವರು ಎರಡನೇ ಸಲ ಕೇಳಿರಲಿಲ್ಲ. ಆಗಲಾದರೂ ನಾಲಿಗೆ ತಿರುಗಬೇಡವಾ? ತಿರುಗಲಿಲ್ಲ. ಅವನು ತಲೆಯಾಡಿಸಿದ, ಅವರು ಬರೆದುಕೊಂಡರು.

ನಾಲ್ಕು ಬಾವುಟದವರೆಗೆ ಏನೂ ಅನಾಹುತವಾಗಲಿಲ್ಲ. ಕೊಂಡಪ್ಪನ ಚೆಂಡು ಪೊದೆ ಸೇರಿತು, ಇನ್ನೊಬ್ಬನದು ಬೇಲಿಯಾಚೆ ರಾಗಿ ಹೊಲಕ್ಕೆ ಹೋಯಿತು. ದೊಡ್ಡವೆಂಕಟಪ್ಪನಿಗೆ ಧೈರ್ಯ ಬಂತು. ಮಂಡಿಯ ನೋವು ಕೂಡ ಮರೆತುಹೋಯಿತು. ಮೂರು ಏಟು ಮಾಫಿ ಬೇರೆ ಇದೆ, ಕುರ್ಚಿ ಎಲ್ಲಿ ಹೋಗುತ್ತೆ ಅಂದುಕೊಂಡ. ಐದನೇ ಬಾವುಟ ಬಂತು, ಕುಂಟೆ ಬಂತು.

ಮೊದಲ ಏಟು. ಚೆನ್ನಾಗಿಯೇ ಹೊಡೆದ, ಒಂದು ಕುಂದಿಲ್ಲ. ಚೆಂಡು ಮೇಲೆದ್ದು, ಆಚೆ ದಡದ ಹತ್ತಿರ ಹೋಗಿ, ದಡಕ್ಕೆ ಎರಡು ಸೀರೆ ಈಚೆಗೆ ಬುಳುಕ್ ಅಂತ ಮುಳುಗಿತು. ಎರಡನೇ ಚೆಂಡು ಇಟ್ಟ. ಈ ಸಲ ಹಲ್ಲು ಕಚ್ಚಿ ಬೀಸಿದ. ಅದು ಇನ್ನೂ ಈಚೆಗೆ ಬಿತ್ತು. ಮೂರನೆಯದೂ ನೀರಿಗೆ. ಕೊನೆಗೆ ನಾಲ್ಕನೆಯದು ದಡದ ಕೆಸರಿಗೆ ತಗುಲಿ ಹೇಗೋ ಆಚೆ ಉರುಳಿತು. ಕೆಂಪು ಕಲ್ಲಿನ ಮೇಲೆ ನಿಂತಿದ್ದ ಚಲಪತಿ ಒಂದೇ ಏಟಿಗೆ, ಒಂದೇ ಒಂದು ಸೀರೆಯಷ್ಟು ಮಿಗಿಸಿ, ಕುಂಟೆ ದಾಟಿಸಿ ಚೀಲ ಎತ್ತಿಕೊಂಡು ಹೊರಟ.

ಲೆಕ್ಕ ಮುಗಿಯಿತು. ಚಲಪತಿ ನಲವತ್ತೇಳು. ದೊಡ್ಡವೆಂಕಟಪ್ಪ, ಮಾಫಿ ಮೂರು ಕಳೆದು, ಐವತ್ತು. ಮಿಕ್ಕವರೆಲ್ಲ ಇನ್ನೂ ಹಿಂದೆ. ಚಲಪತಿ ಕುರ್ಚಿಯ ಕಡೆ ಹೋಗಲಿಲ್ಲ, ಓಡಿ ಬಂದು ದೊಡ್ಡವೆಂಕಟಪ್ಪನ ಕೈ ಹಿಡಿದ. "ನೀನೇ ಹೇಳಿದ್ದಲ್ವಾ ಗುರು, ಕೆಂಪು ಅಂತ. ಇಲ್ದಿದ್ರೆ ನಾನೂ ಬಿಳಿ ಅಂತಿದ್ದೆ" ಅಂದ. ಆ ಮನುಷ್ಯನ ಕಣ್ಣಲ್ಲಿ ಕುಚೋದ್ಯ ಒಂದು ಚೂರೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಎಲ್ಲರೂ ಚದುರಿದ ಮೇಲೆ ಸೆಕ್ರೆಟರಿ ಸಾಹೇಬರು ದೊಡ್ಡವೆಂಕಟಪ್ಪನನ್ನು ಪಕ್ಕಕ್ಕೆ ಕರೆದರು. "ನಿನ್ನಷ್ಟೇ ಏಟು ಇರೋ ಇನ್ನೊಬ್ಬ ಬಂದು, ನನ್ನ ಕಲ್ಲು ಯಾವುದು ಗುರು ಅಂತ ಕೇಳಿದ್ರೆ ನೀನೇನು ಹೇಳ್ತಿದ್ದೆ?" ಅಂದರು.

"ಕೆಂಪು ಸಾರ್."

"ನೋಡು, ಒಂದು ಮಾತು ಹೇಳ್ತೀನಿ. ಇದನ್ನ ಹೇಳದೆ ಇದ್ರೂ ನಡೀತಿತ್ತು. ಈ ಆಟ ನಾನು ಇಟ್ಟದ್ದೇ ನಿನಗೋಸ್ಕರ. ಕಮಿಟಿಯವರು ಸುಮ್ಮನೆ ಒಬ್ಬನಿಗೆ ಕೊಟ್ರೆ ಮಿಕ್ಕವರು ಗಲಾಟೆ ಮಾಡ್ತಾರೆ ಅಂದ್ರು. ಸೋಮವಾರ ನೀನು ಹೊಡೆಯೋದು ನೋಡಿದ್ದೀನಿ, ನೀನು ಕೆಂಪು ಅಂದು ಸೋತಿದ್ರೂ ಕುರ್ಚಿ ನಿನಗೇ ಕೊಡ್ತಿದ್ದೆ. ಅದಕ್ಕೇ ಎರಡನೇ ಸಲ ಕೇಳಿದೆ. ನೀನು ಬಿಳಿ ಅಂದೆ. ಗೆದ್ದಿದ್ರೂ ಕೊಡೋಕೆ ಕಷ್ಟ ಆಗ್ತಿತ್ತು ದೊಡ್ಡವೆಂಕಟಪ್ಪ, ಈಗಂತೂ ಸೋತೂ ಬಿಟ್ಟೆ."

ದೊಡ್ಡವೆಂಕಟಪ್ಪ ಮಾಡಿನ ಕೆಳಗಿನ ಖಾಲಿ ಕುರ್ಚಿಯ ಕಡೆ ನೋಡಿದ. ಕೈಯಲ್ಲೇ ಇತ್ತಾ? ಇಷ್ಟು ದಿನ ನನ್ನ ಕೈಯಲ್ಲೇ ಇತ್ತಾ ಅದು? ಸಾಹೇಬರು ಇನ್ನೂ ಏನೋ ಅಂದರು, ಅವನಿಗೆ ಕೇಳಿಸಲಿಲ್ಲ. ಕೇಳಿಸದಿದ್ದದ್ದು ಕಿವಿಯ ತಪ್ಪಲ್ಲ.

ಮೂರು ಗಂಟೆ ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಮನೆಗೆ ಬಂದ. ಅಂಜನಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ನೋಡಿಯೇ ಅವಳಿಗೆ ತಿಳಿಯಿತು. ಅವನು ಜಗುಲಿಯ ಮೇಲೆ ಕೂತು ಒಂದನ್ನೂ ಬಚ್ಚಿಡದೆ ಹೇಳಿದ. ಬಿಳಿ ಅಂದದ್ದು, ಮೂರು ಚೆಂಡು ಮುಳುಗಿದ್ದು, ಚಲಪತಿ ಕೈ ಹಿಡಿದದ್ದು, ಸಾಹೇಬರು ಹೇಳಿದ್ದು. ಮಳೆಗಾಲ ಮುಗಿಯೋದರೊಳಗೆ ಶೆಡ್ಡಿಗೆ ಹೋಗಿ ಮಗ್ಗ ಇದೆಯಾ ಅಂತ ಕೇಳ್ತೀನಿ ಅಂದ. ಅಂಜನಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ಕೇಳುತ್ತಿದ್ದವಳು ಅವನ ಬಲಗಡೆಗೆ ಬಂದು ಕೂತಳು.

"ಸೈಕಲ್ ಹತ್ತೋವಾಗಲೂ ಕೆಂಪು ಅಂತಿದ್ರಲ್ಲಾ. ಯಾಕ್ರೀ ಹಿಂಗೆ ಮಾಡ್ಕೊಂಡ್ರಿ?"

"ನಗ್ತಾರೆ ಅಂತ ಕಣೆ. ಎಲ್ಲಾ ನಗ್ತಾರೆ ಅಂತ."

"ಚಲಪತಿ ಕೆಂಪು ಅಂದಾಗ ನಕ್ಕರಾ?"

ದೊಡ್ಡವೆಂಕಟಪ್ಪ ಮುಖ ತಿರುಗಿಸಿದ. ಬೀದಿ ನೋಡುತ್ತಾ ಕೂತ. ಅವಳು ಮತ್ತೆ ಕೇಳಿದಳು, ಕೇಳಿಸಲಿಲ್ಲವೇನೋ ಅಂತ ಇನ್ನೊಂಚೂರು ಗಟ್ಟಿಯಾಗಿ.

"ಕೇಳಿಸ್ತು" ಅಂದ ಅವನು. "ಕೊಂಡಪ್ಪ ನಗಲಿಲ್ಲ. ಸಾಹೇಬ್ರೂ ನಗಲಿಲ್ಲ. ಒಬ್ಬ ನಕ್ಕ."

"ಯಾರು?"

"ನಾನು. ಒಳಗೊಳಗೇ."

ಅಂಜನಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ಅನ್ನಕ್ಕೆ ಇಡೋಕೆ ಒಳಗೆ ಹೋದಳು.